ಪಡುವಣಕ್ಕೆ ಮುಖ

ಪೆಟ್ಟಿಗೆಯ ಅಡಿಯ ಹಗ್ಗಗಳು ಬಿಗಿಯಾಗುತ್ತಿದ್ದಂತೆಯೇ ಪಾಸ್ಟರ್ ವಿಜಯಕುಮಾರ್ ಕೈ ಎತ್ತಿ ತಡೆದರು. ಹೊತ್ತಿದ್ದ ನಾಲ್ವರೂ ಪೆಟ್ಟಿಗೆಯನ್ನು ಮತ್ತೆ ಹಲಗೆಗಳ ಮೇಲೆ ಇಳಿಸಿದರು. ಗುಂಡಿಯ ಅಳತೆಯಲ್ಲಿ ದೋಷವಿರಲಿಲ್ಲ: ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಬದಿಗಳು ನೂಲು ಹಿಡಿದಷ್ಟು ನೇರ. ಶಿಲುಬೆ ನೆಡಲು ತೋಡಿದ ಕುಳಿ ಮಾತ್ರ ಬೇರೆ ತುದಿಯಲ್ಲಿತ್ತು. ಶಿಲುಬೆ ನಿಲ್ಲಬೇಕಾದದ್ದು ತಲೆಯ ಕಡೆ; ಕುಳಿ ಇದ್ದದ್ದು ಪೂರ್ವಕ್ಕೆ.

ಆ ಸ್ಮಶಾನದಲ್ಲಿ ಎಲ್ಲರ ತಲೆಯೂ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ. ಕಡೆಯ ದಿನ ಕರ್ತನು ಪೂರ್ವದಿಂದ ಬರುವಾಗ ಸತ್ತವರು ಎದ್ದು ಕುಳಿತರೆ ಅವನ ಮುಖ ಕಾಣಬೇಕು. ಬೋಧಕರನ್ನು ಮಾತ್ರ ತಿರುಗಿಸಿ ಮಲಗಿಸುವುದು ಸಭೆಯ ಪದ್ಧತಿ. ಅವರು ಎದ್ದಾಗ ಮೊದಲು ತಮ್ಮ ಜನರನ್ನು ನೋಡಲೆಂದು. ಹಾಗೆ ಮಲಗಿದವರು ಅಲ್ಲಿ ಇಬ್ಬರೇ ಇದ್ದರು. ಪೆಟ್ಟಿಗೆಯಲ್ಲಿದ್ದ ಕುಪ್ಪುಸ್ವಾಮಿ ಬೋಧಕರಾಗಿರಲಿಲ್ಲ. ಗಣಿಯ ಲ್ಯಾಂಪ್ ರೂಮಿನಲ್ಲಿ ದೀಪ ಕೊಡುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಚರ್ಚಿನ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದವರು.

ಗುಂಡಿ ತೋಡಿದ ಮುನೀಂದ್ರ ಗುದ್ದಲಿ ಊರಿಕೊಂಡು ಮುಂದೆ ಬಂದ. "ತಪ್ಪಾಗಿಲ್ಲ ಪಾಸ್ಟರ್. ಕುಪ್ಪುಸ್ವಾಮಣ್ಣ ಏಳಿದ್ದಂಗೇ ತೋಡಿದೀನಿ."

ಗುಂಪಿನಲ್ಲಿ ಪಿಸುಮಾತು ಹಬ್ಬಿತು. ಒಂದು ದಿನವೂ ಪ್ರಸಂಗ ಮಾಡದವನಿಗೆ ಸತ್ತ ಮೇಲೆ ಅಯ್ಯನವರಾಗುವ ಆಸೆಯೇ ಎಂದು ಸಭೆಯ ಹಿರಿಯರೊಬ್ಬರು ಗೊಣಗಿದರು. ಹಾಡಿನ ಪುಸ್ತಕ ಹಿಡಿದು ನಿಂತಿದ್ದ ಗಾಯನ ತಂಡದ ಕಲಾ ತಲೆಯೆತ್ತದೆಯೇ ಹೇಳಿದಳು:

"ಪ್ರಸಂಗ ಪೀಠ ದಿನಾ ಒರೆಸ್ತಿದ್ದೋರು ಅವ್ರೇ ಅಲ್ವಾ ಯಜಮಾನ್ರೇ? ನಿಮಗಿಂತ ಎಚ್ಚು ಸಲ ಅತ್ತಿ ಇಳಿದವ್ರೆ."

ಇಬ್ಬರು ಹೆಂಗಸರು ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡರು.

ಪಾಸ್ಟರ್ ಸಿಟ್ಟಾಗಲಿಲ್ಲ. ಪೆಟ್ಟಿಗೆ ಯಾವ ಕಡೆಗಿದ್ದರೂ ತಾವು ಪ್ರಾರ್ಥನೆ ಮಾಡುವುದಾಗಿಯೂ, ತೀರ್ಮಾನ ಮಾತ್ರ ಮಗಳದಾಗಬೇಕೆಂದೂ ಹೇಳಿದರು. ಎಲ್ಲರೂ ಶ್ಯಾಮಲಾಳ ಕಡೆ ತಿರುಗಿದರು.

ಬಂಗಾರಪೇಟೆಯ ಅವಳ ಮನೆಯಲ್ಲಿ ತಂದೆ ಕಡೆಯ ಎರಡು ವರ್ಷ ಇದ್ದರು. ಭಾನುವಾರ ಮೊದಲ ರೈಲುಗಾಡಿ ಹಿಡಿದು ಗಣಿಯೂರಾದ ಮಾರಿಕುಪ್ಪಂಗೆ ಬಂದು ಚರ್ಚಿನ ಬಾಗಿಲು ತೆಗೆಯುವುದನ್ನು ಆಗಲೂ ಬಿಟ್ಟಿರಲಿಲ್ಲ. ಪ್ರತಿದಿನ ಎದ್ದ ಕೂಡಲೆ ಪೂರ್ವದ ಕಿಟಕಿ ತೆರೆದು, ಹಾಲಿನವನನ್ನು ವಿಚಾರಿಸುವ ದನಿಯಲ್ಲಿ, "ಇವತ್ತು ಬತ್ತೀರಾ ಸ್ವಾಮಿ?" ಎಂದು ಕೇಳುತ್ತಿದ್ದರು. ಉತ್ತರಕ್ಕೆ ಅರೆಕ್ಷಣ ಕಾಯ್ದು ಮುಖ ತೊಳೆಯಲು ಹೋಗುತ್ತಿದ್ದರು. ಐವತ್ತು ವರ್ಷ ಒಂದು ಮುಖಕ್ಕಾಗಿ ಕಾದವರನ್ನು, ಆ ಮುಖ ಬರುವ ದಿನ ಬೆನ್ನು ತಿರುಗಿಸಿ ಕೂರುವಂತೆ ಮಲಗಿಸುವುದು ಹೇಗೆ? ಮಣ್ಣು ಮುಚ್ಚಿದ ಮೇಲೆ ಸರಿಪಡಿಸುವಂತಿರಲಿಲ್ಲ.

*

೧೯೯೯ರ ಡಿಸೆಂಬರಿನಲ್ಲಿ ಶ್ಯಾಮಲಾ ಎಂಟನೆಯ ತರಗತಿಯಲ್ಲಿದ್ದಳು. ಊರೂರು ಸುತ್ತುವ ಪ್ರಸಂಗಿಯೊಬ್ಬ, ವರ್ಷದ ಜೊತೆಗೆ ಲೋಕವೂ ಮುಗಿಯುತ್ತದೆಂದು ಹೇಳಿಹೋಗಿದ್ದ. ಪಕ್ಕದ ಮನೆಯ ಅಶ್ವತ್ಥಮ್ಮ ತನ್ನ ಕೋಳಿಗಳನ್ನೆಲ್ಲ ಒಂದೊಂದಾಗಿ ಕೊಯ್ದು ಸಾರು ಮಾಡಿದಳು. ಕುಪ್ಪುಸ್ವಾಮಿ ಏಣಿ ಹತ್ತಿ, ತೂತುಬಿದ್ದ ತಗಡಿಗೆ ತೇಪೆ ಹಾಕುತ್ತಿದ್ದರು. ಕರ್ತರು ಬರುವುದು ನಿಜವೇ ಆದರೆ ಇದೆಲ್ಲ ಏಕೆ ಎಂದು ಮಗಳು ಕೆಳಗಿನಿಂದ ಕೇಳಿದಳು.

"ಅವ್ರು ಬರೋ ಒತ್ಗೆ ಮನೆ ಸೋರ್ತಾ ಇರ್ಬೇಕಾ ಮಗಾ? ಆ ಮೊಳೆ ಇತ್ಲಾಗ್ ಕೊಡು."

ಜನವರಿ ಎರಡರಂದು ಅವರು ಅಶ್ವತ್ಥಮ್ಮನನ್ನು ಹಾಸ್ಯ ಮಾಡಲಿಲ್ಲ. ತಮ್ಮ ಗೂಡಿನಿಂದ ಎರಡು ಹ್ಯಾಟೆಕೋಳಿಗಳನ್ನು ಹಿಡಿದು ಅವಳ ಅಂಗಳಕ್ಕೆ ಬಿಟ್ಟು ಬಂದರು.

*

"ಮಾಮ," ಎಂದಳು ಶ್ಯಾಮಲಾ, "ಕರ್ತರು ಬರೋವಾಗ ಅಪ್ಪ ಬೆನ್ನು ತೋರಿಸ್ಕೊಂಡು ಕೂತಿರ್ಬೇಕಾ?"

ಮುನೀಂದ್ರ ಹೆಗಲ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

*

ಲ್ಯಾಂಪ್ ರೂಮಿನ ನಿಯಮ ಸರಳವಾಗಿತ್ತು. ಗಣಿಗೆ ಇಳಿಯುವವನು ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆ ಕೊಟ್ಟು ಅದೇ ಸಂಖ್ಯೆಯ ದೀಪ ಒಯ್ಯಬೇಕು; ಮೇಲೆ ಬಂದು ದೀಪ ಕೊಟ್ಟು ಬಿಲ್ಲೆ ಪಡೆಯಬೇಕು. ಮೊಳೆಯಲ್ಲಿ ಬಿಲ್ಲೆ ತೂಗುತ್ತಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ.

ಒಂದು ಮಧ್ಯಾಹ್ನ ಕೆಳಗೆ ಬಂಡೆ ಸಿಡಿದು ದಾರಿ ಮುಚ್ಚಿತು. ಸಂಜೆಯ ಹೊತ್ತಿಗೆ ಮೊಳೆಗಳೆಲ್ಲ ಖಾಲಿಯಾಗಿ ೨೧೪ರ ಬಿಲ್ಲೆ ಒಂದೇ ಉಳಿಯಿತು. ಮುಂದಿನ ಪಾಳಿಯವನು ಬಂದು ಮನೆಗೆ ಹೋಗೆಂದರೂ ಕುಪ್ಪುಸ್ವಾಮಿ ಹೋಗಲಿಲ್ಲ. ಗಣಿಗಿಳಿಯುವ ಶಾಫ್ಟಿನ ಬಾಯಿ ನೇರವಾಗಿ ಕಾಣುವ ಮೆಟ್ಟಿಲ ಮೇಲೆ ಕುಳಿತರು. ಮಾರನೆಯ ದಿನ ಹನ್ನೊಂದು ಗಂಟೆಗೆ ಮುನೀಂದ್ರನನ್ನು ಮೇಲೆ ತಂದರು. ಬೆಳಕಿಗೆ ಅವನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ತನ್ನನ್ನೇ ನೋಡುತ್ತಿದ್ದ ಕುಪ್ಪುಸ್ವಾಮಿಯ ಮುಖ.

"ಬಂದ್ಯಾ?" ಎಂದು ಕೇಳಿ, ಅವರು ಬಿಲ್ಲೆಯನ್ನು ಅವನ ಅಂಗೈಗಿಟ್ಟಿದ್ದರು.

*

"ಓದ ತಿಂಗ್ಳು ಅಣ್ಣ ಇಲ್ಗೇ ಬಂದು ಜಾಗ ತೋರ್ಸಿದ್ರು," ಎಂದ ಮುನೀಂದ್ರ. "ನೀನು ಕೇಳ್ದಂಗೇ ನಾನೂ ಕೇಳ್ದೆ ಕಣಮ್ಮ, ಕರ್ತರಿಗೆ ಬೆನ್ನಾ ಅಂತ. 'ಅವ್ರು ಬಂದು ಬೆನ್ ಮ್ಯಾಲೆ ಕೈ ಇಡ್ತಾರೆ ಬಿಡ್ಲಾ. ಎಲ್ಲಾ ಎದ್ದು ಬಂದ್ರಾ ಅಂತ ನಾನು ನೋಡ್ಬೇಕು' ಅಂದ್ರು."

ಪಾಸ್ಟರ್ ಪುಸ್ತಕ ಮಡಚಿ ಬೆರಳನ್ನು ಪುಟದಲ್ಲೇ ಉಳಿಸಿಕೊಂಡರು. ಗೊಣಗಿದ್ದ ಹಿರಿಯರು ತಮ್ಮ ಚಪ್ಪಲಿ ನೋಡುತ್ತಿದ್ದರು.

ಗುಂಡಿ ಇದ್ದದ್ದು ಸ್ಮಶಾನದ ಪೂರ್ವದ ಗೋಡೆಗೆ ಒತ್ತಿಕೊಂಡು. ಅಲ್ಲಿಂದ ಆಚೆಗೆ ಒಂದು ಗೋರಿಯೂ ಇರಲಿಲ್ಲ. ಶ್ಯಾಮಲಾ ಪಶ್ಚಿಮಕ್ಕೆ ತಿರುಗಿದಳು. ಮೂರನೆಯ ಸಾಲಿನಲ್ಲಿ ಅವಳ ತಾಯಿ, ಅದರಾಚೆ ಲ್ಯಾಂಪ್ ರೂಮಿನಿಂದ ದೀಪ ಒಯ್ದವರು, ಅವರ ಹೆಂಡಂದಿರು, ಹೆಸರಿಲ್ಲದ ಗಿಡ್ಡ ಶಿಲುಬೆಗಳ ಮಕ್ಕಳು. ಕೊನೆಗೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ನೆತ್ತಿ. ಇಲ್ಲಿ ಎದ್ದು ಕುಳಿತವನಿಗೆ ಒಬ್ಬರೂ ತಪ್ಪುವಂತಿರಲಿಲ್ಲ.

ಅವಳು ಪೆಟ್ಟಿಗೆಯ ಹತ್ತಿರ ಬಂದು, ತಂದೆಯ ಬೆನ್ನಿರುವ ಮಟ್ಟದಲ್ಲಿ ಮರದ ಮೇಲೆ ಅಂಗೈಯಿಟ್ಟಳು.

"ಅಪ್ಪ ಹೇಳಿದಂಗೇ ಇಳಿಸಿ."

ನಾಲ್ವರೂ ಪೆಟ್ಟಿಗೆಯನ್ನು ಅರ್ಧ ಸುತ್ತು ತಿರುಗಿಸಿದರು. ಹಗ್ಗ ಸಡಿಲಾಗುತ್ತಾ ಬಂದು, ಪೆಟ್ಟಿಗೆ ನೆಲ ಮುಟ್ಟಿದ ಸದ್ದಾದ ಮೇಲೆ ಪಾಸ್ಟರ್ ಪ್ರಾರ್ಥನೆ ಮುಗಿಸಿದರು. ಜನ ಹಿಡಿಮಣ್ಣು ಹಾಕಲು ಸಾಲಾದರು.

ಸಾಲಿನ ಕೊನೆಯಲ್ಲಿ ಕ್ಯಾಸಂಬಳ್ಳಿಯ ನರಸಮ್ಮ ಇದ್ದಳು, ಕುಪ್ಪುಸ್ವಾಮಿಯ ತಂಗಿ, ಹಣೆಯ ತುಂಬ ಕುಂಕುಮ. ಅಣ್ಣ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ವರ್ಷದಿಂದ ಅವನ ಪರಲೋಕ ಬೇರೆ, ತನ್ನದು ಬೇರೆ ಎಂದೇ ನಂಬಿದ್ದವಳು. ಮಣ್ಣು ಹಾಕಿ ಮುನೀಂದ್ರನನ್ನು ಕೇಳಿದಳು:

"ನಮ್ಮಣ್ಣ ಎದ್ರೆ ಯಾವ್ ಕಡೀಕ್ ನೋಡ್ತಾನಪ್ಪಾ?"

ಅವನು ಗುದ್ದಲಿಯಿಂದ ಪಶ್ಚಿಮದ ತುದಿ ತೋರಿಸಿದ.

ನರಸಮ್ಮ ಗುಂಡಿಯ ಅಂಚನ್ನು ಜಾಗರೂಕತೆಯಿಂದ ಬಳಸಿಕೊಂಡು ಅಲ್ಲಿಗೆ ಹೋದಳು. ಕಣ್ಣೊರೆಸಿಕೊಂಡು, ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸವರಿ, ಬಸ್ಸಿನಿಂದ ಇಳಿಯುವವರಿಗೆ ಮೊದಲು ತಾನೇ ಕಾಣಲೆಂಬಂತೆ, ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಿಂತಳು.