ಕರೇಬಂಡೆಯ ಮುಯ್ಯಾಳು

"ಲೇ ಹನುಮಿ, ನಿಮ್ಮ ಹಟ್ಟಿಯೋರ್ನೆಲ್ಲ ಕರ್ಕಂಡು ಆ ಕಂಬದಾಚೆಗೆ ಹೋಗೇ. ಪೋಟೋದಾಗೆ ಬರೀ ನಿಮ್ ಮಕಗಳೇ ತುಂಬ್ಕಂಡವೆ."

ಹೀಗೆ ಅಂದವರು ಮಲ್ಲಿಕಾರ್ಜುನಯ್ಯನವರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ನಾವು ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಅವರ ಮಂಡಿಯಲ್ಲೇ. ರೈಲು ಪ್ರಯಾಣಿಕರ ಹೋರಾಟ ಸಮಿತಿಗೂ ಅವರೇ ಅಧ್ಯಕ್ಷರು. ಅವತ್ತು ಸಂಜೆ ತಿಪಟೂರು ಸ್ಟೇಷನ್ನಿಗೆ ಹೊಸ ಲೋಕಲ್ ರೈಲು ಮೊದಲ ಸಲ ಬಂದು ನಿಂತಿತ್ತು. ಅದರ ಮೂತಿಗೆ ಬಾಳೆಕಂದು, ಹೊಂಬಾಳೆ ಕಟ್ಟಿದ್ದರು. ಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬದಾಚೆಗೆ ನಡೆದಳು. ಅವಳ ಹಿಂದೆ ನಾವೂ ಹೋದೆವು.

ಬೇಸಿಗೆಯಲ್ಲಿ ಇದೇ ಸ್ಟೇಷನ್ನಿನ ಮುಂದೆ ಧರಣಿ ಕೂತಾಗ ನಮ್ಮನ್ನು ಮುಂದಿನ ಸಾಲಿಗೆ ಕರೆಕರೆದು ಕೂರಿಸಿದ್ದರು. "ನಿಮ್ ಗಂಟಲು ಜೋರು ಕಣ್ರಮ್ಮ, ನೀವು ಕೂಗುದ್ರೆ ದಿಲ್ಲಿಗೇ ಕೇಳ್ತದೆ" ಎಂದು ಹುರಿದುಂಬಿಸಿದ್ದರು. ಸಮಿತಿಯ ಕಾರ್ಯದರ್ಶಿ ರವಿಕಿರಣ್, ದಿನಾ ತುಮಕೂರಿನ ಆಫೀಸಿಗೆ ಓಡಾಡುವವನು, ಘೋಷಣೆ ಹೇಳಿಕೊಟ್ಟಿದ್ದ. "ನಿಲ್ಲಿಸಿ ನಿಲ್ಲಿಸಿ, ಕರೇಬಂಡೇಲಿ ರೈಲು ನಿಲ್ಲಿಸಿ." ಕರೇಬಂಡೆ ನಮ್ಮೂರು. ಹೆಸರು ಬರೆದ ಹಲಗೆ, ಒಂದು ಕಲ್ಲುಬೆಂಚು, ಒಂದು ಹುಣಸೆಮರ, ಅಷ್ಟೇ ನಮ್ಮ ಹಾಲ್ಟು. ಬೆಳಿಗ್ಗೆ ಹಳೇ ಪ್ಯಾಸೆಂಜರು ಅಲ್ಲಿ ನಿಲ್ಲುತ್ತಿತ್ತು, ಹತ್ತಿ ಮಂಡಿ ಸೇರುತ್ತಿದ್ದೆವು. ಸಂಜೆಗೆ ರೈಲಿರಲಿಲ್ಲ. ಅದೂ ಸಿಕ್ಕರೆ ಮಕ್ಕಳು ಮಲಗುವುದರೊಳಗೆ ಮನೆ ಕಾಣಬಹುದು ಎಂಬ ಆಸೆಗೆ ಕೂಲಿ ಬಿಟ್ಟು ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡೆವು.

ಆ ಸಂಜೆ ಯಾರೋ ಬಾವುಟ ಬೀಸಿದರು, ಎಲ್ಲರ ಜೊತೆ ನಾವೂ ಚಪ್ಪಾಳೆ ತಟ್ಟಿ ಹತ್ತಿದೆವು. ಊರು ಹತ್ತಿರವಾದಾಗ ಬುತ್ತಿ ಚೀಲ ಹಿಡಿದು ಬಾಗಿಲಲ್ಲಿ ನಿಂತೆವು. ಹುಣಸೆಮರದ ಕೆಳಗೆ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಮುಂದೆ ಹನುಮಕ್ಕನ ಅತ್ತೆ ಭೂತಮ್ಮ, ಮದುವೆಗೆ ಉಡುವ ಸೀರೆ ಉಟ್ಟು, ಆರತಿ ತಟ್ಟೆ ಎತ್ತಿ ಹಿಡಿದಿದ್ದಳು.

ರೈಲು ನಿಲ್ಲಲಿಲ್ಲ. ವೇಗವನ್ನೂ ತಗ್ಗಿಸಲಿಲ್ಲ. ಗಾಳಿಗೆ ಮುದುಕಿಯ ಸೆರಗು ಮುಖಕ್ಕೆ ಹೊಡೆಯಿತು, ತಟ್ಟೆ ಕೈಜಾರಿ ಕುಂಕುಮದ ನೀರು ಅವಳ ಕಾಲ ಮೇಲೆ ಚೆಲ್ಲಿದ್ದು ಕಂಡಿತು. ಆಮೇಲೆ ಬರೀ ತೆಂಗಿನ ತೋಟಗಳು.

"ನಿಮ್ಗೆ ಯಾರೂ ಹೇಳ್ಲಿಲ್ವಾ?" ಎಂದ ರವಿಕಿರಣ್. ಅವನು ಬೋಗಿಯಲ್ಲಿ ಲಾಡು ಹಂಚುತ್ತಿದ್ದ. "ಸಣ್ಣ ಹಾಲ್ಟುಗಳನ್ನ ಬಿಟ್ಕೊಟ್ರೆ ಲೋಕಲ್ ಕೊಡ್ತೀವಿ ಅಂದ್ರು ಮೇಲಿನೋರು. ಸಮಿತೀಲಿ ಒಪ್ಕೊಂಡ್ವಿ. ಎಲ್ಲಾರ್ಗೂ ಒಳ್ಳೇದಾಗ್ಬೇಕಾದ್ರೆ ಯಾರೋ ಸ್ವಲ್ಪ ಹೊಂದ್ಕೋಬೇಕಲ್ವಾ?"

"ಬೆಳಗಿನ ಹಳೇ ಗಾಡಿ?" ಎಂದಳು ಹನುಮಕ್ಕ.

"ಅದನ್ನ ತೆಗೆದೇ ಇದನ್ನ ಬಿಟ್ಟಿರೋದು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇದೇ. ತಗಳಿ, ಲಾಡು ತಗಳಿ."

ಹನುಮಕ್ಕ ಕೈ ಚಾಚಲಿಲ್ಲ. ನನಗೆ ನಾನು ತಟ್ಟಿದ ಚಪ್ಪಾಳೆ ನೆನೆದು ಅಸಹ್ಯವಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಹಳಿ ಪಕ್ಕದ ಜಲ್ಲಿ ತುಳಿಯುತ್ತಾ ಊರಿಗೆ ಬರುವಾಗ ಮಕ್ಕಳೆಲ್ಲ ಮಲಗಿಯಾಗಿತ್ತು.

ಬೆಳಿಗ್ಗೆ ಹೆದ್ದಾರಿಯವರೆಗೂ ನಡೆದು ಬಸ್ಸಿಗೆ ಕೈ ಒಡ್ಡಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ, ಸರಿ. ಪುಕ್ಕಟೆ ಹತ್ತುವವರನ್ನು ಕಂಡರೆ ಡ್ರೈವರಿಗೆ ಕಣ್ಣೇ ಕಾಣುವುದಿಲ್ಲ. ಯಾವುದೋ ಎಳನೀರಿನ ಗಾಡಿಯವನು ಕರುಣೆ ತೋರಿ ಹತ್ತಿಸಿಕೊಂಡ. ಮಂಡಿ ಮುಟ್ಟುವಾಗ ಗೇಟು ಹಾಕಿತ್ತು.

"ಈಗ ದಯಮಾಡ್ಸುದ್ರಾ ಮಹಾರಾಣೀರು?" ಎಂದರು ಮಲ್ಲಿಕಾರ್ಜುನಯ್ಯ, ಗೇಟಿನ ಒಳಗಿಂದಲೇ.

"ರೈಲು ನಿಲ್ಸಿಕೊಡ್ತೀವಿ ಅಂತ ನೀವೇ ಅಂದಿದ್ರಿ ಸಾವ್ಕಾರ್ರೇ" ಎಂದಳು ಹನುಮಕ್ಕ.

"ನಿಮ್ಮ ಹಟ್ಟಿ ಬಾಗ್ಲಿಗೆ ರೈಲು ಬಂದು ಸಲಾಮು ಹೊಡೀಬೇಕೇನೇ? ದರಿದ್ರ ಮುಂಡೇವಾ. ಬಿಹಾರದ ಹುಡುಗ್ರು ಗೋಡೌನಲ್ಲೇ ಬಿದ್ಕಂಡಿರ್ತವೆ, ಕರೆದ್ ತಕ್ಷಣ ಏಳ್ತವೆ. ಇನ್ನೊಂದ್ಸಲ ತಡ ಆದ್ರೆ ಈ ಕಡೆ ಮಕ ಹಾಕ್ಬ್ಯಾಡಿ."

ಅವತ್ತು ಕೂಲಿಯಿಲ್ಲದೆ ವಾಪಸು ಬಂದೆವು. ಹುಣಸೆಮರದ ಕೆಳಗೆ ಕೂತು ಸಮಿತಿಯವರ ಮನೆ ಹಾಳಾಗಲಿ ಎಂದು ಬಾಯಿಗೆ ಬಂದಂತೆ ಬೈದೆವು. ಬೈದರೆ ಹೊಟ್ಟೆ ತಣ್ಣಗಾಗುತ್ತದೆ, ರೈಲು ನಿಲ್ಲುವುದಿಲ್ಲ. ಭೂತಮ್ಮ ಕಲ್ಲುಬೆಂಚಿನ ಮೇಲೆ ಎಲೆಅಡಿಕೆ ಜಗಿಯುತ್ತಾ ಕೇಳುತ್ತಿದ್ದಳು.

"ಅದ್ರೊಳಗೆ ಒಂದು ಸರಪಣಿ ಐತಂತಲ್ಲ" ಎಂದಳು. "ಎಳುದ್ರೆ ನಿಂತೋಯ್ತದಂತೆ."

"ನಿಲ್ತದೆ ಕಣತ್ತೆ. ಎಳೆದೋಳ್ನ ಪೊಲೀಸ್ನೋರು ಎಳ್ಕಂಡೋಯ್ತಾರೆ" ಎಂದಳು ಹನುಮಕ್ಕ.

"ಎಲ್ರನ್ನೂವಾ?"

"ಎಳೆದೋಳೊಬ್ಬಳ್ನೇ."

ಭೂತಮ್ಮ ಪಕ್ಕಕ್ಕೆ ಉಗಿದು ಬಾಯಿ ಒರೆಸಿಕೊಂಡಳು. "ಹಂಗಾರೆ ಮುಯ್ಯಾಳು ಮಾಡ್ಕಳ್ರೇ. ರಾಗಿ ಕಳೆ ಕೀಳಾಕೆ ಮಾಡ್ಕಳಲ್ವಾ?"

ನಮ್ಮಲ್ಲಿ ಕಳೆ ತೆಗೆಯುವ ಕಾಲಕ್ಕೆ ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಬಾಯಿಮಾತೇ ಲೆಕ್ಕ, ತಪ್ಪಿಸಿಕೊಂಡವಳಿಗೆ ಹಟ್ಟಿಯಲ್ಲಿ ಮರ್ಯಾದೆ ಇಲ್ಲ. ರೈಲಿಗೂ ಹಾಗೇ, ಒಬ್ಬೊಬ್ಬಳು ಒಂದೊಂದು ದಿನ ಸರಪಣಿ ಎಳೆಯಬೇಕು, ಸಿಕ್ಕಿಬಿದ್ದವಳ ಮಂಡಿ ಕೆಲಸವನ್ನು ಉಳಿದವರು ಮಾಡಬೇಕು. ಯಾರೂ ನಗಲಿಲ್ಲ. ಮೊದಲ ಮುಯ್ಯಿ ನಂದು ಎಂದಳು ಹನುಮಕ್ಕ.

ಮರುದಿನ ಅವಳು ಕೋಳಿ ಕೂಗುವ ಮುಂಚೆ ಎದ್ದು, ಮೊನ್ನೆ ರಾತ್ರಿ ನಾವು ಇಳಿದಿದ್ದ ಸ್ಟೇಷನ್ನಿಗೆ ನಡೆದು ಹೋದಳು. ಅಲ್ಲಿಂದಲೇ ನಮಗೆಲ್ಲ ಟಿಕೆಟ್ಟು ಕೊಂಡಳು. ಧರ್ಮಕ್ಕೆ ಹತ್ತಿದರು ಎಂದು ಯಾವ ಬೇವರ್ಸಿಯೂ ಅನ್ನಬಾರದು ನೋಡಿ. ಲೋಕಲ್ಲು ನಮ್ಮ ಹಲಗೆ ದಾಟಿ, ಕಿರುಗುಟ್ಟುತ್ತಾ, ಸ್ವಲ್ಪ ಮುಂದೆ ಹೋಗಿ ನಿಂತಿತು. ಸೀರೆ ಎತ್ತಿ ಕಟ್ಟಿ ಓಡಿದೆವು. ಬಾಗಿಲಲ್ಲಿ ಹನುಮಕ್ಕ ನಿಂತು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಮೇಲೆ ಎಳೆದುಕೊಂಡಳು.

ತಿಪಟೂರಿನಲ್ಲಿ ಪೊಲೀಸರು ಕಾದಿದ್ದರು. ಅವರ ಪಕ್ಕ ರವಿಕಿರಣ್, ಹೆಗಲಿಗೆ ಬ್ಯಾಗು.

"ಯಾರು ಎಳೆದಿದ್ದು? ತಲೆ ಸರಿ ಇಲ್ವಾ? ನಮಗೆಲ್ಲ ಆಫೀಸು ಬೇಡ್ವಾ?"

"ನಾನೇ ಕಣಪ್ಪ" ಎಂದಳು ಹನುಮಕ್ಕ, ಇಳಿಯುತ್ತಾ. "ನಿಲ್ಲಿಸಿ ನಿಲ್ಲಿಸಿ ಅಂತ ನೀನೇ ಹೇಳ್ಕೊಟ್ಟಿದ್ದಲ್ಲ."

ಅವನು ಮುಖ ತಿರುಗಿಸಿಕೊಂಡು ರೈಲು ಹತ್ತಿದ. ಹನುಮಕ್ಕನನ್ನು ಪೊಲೀಸರು ಕರೆದುಕೊಂಡು ಹೋದರು. ಬುತ್ತಿ ಚೀಲ ನನ್ನ ಕೈಗೆ ಕೊಟ್ಟು, "ಹೊತ್ತಾಯ್ತು, ನಡೀರೇ" ಎಂದಳು, ಅಷ್ಟೇ. ಚೀಲ ಅವುಚಿಕೊಂಡು ಮಂಡಿಗೆ ಓಡಿದೆ. ಗೇಟು ಇನ್ನೂ ತೆರೆದೇ ಇತ್ತು.

ಅವಳ ಜಾಗ ಬಿಟ್ಟು ಸುತ್ತ ಕೂತೆವು. ಮಂಡಿಯಲ್ಲಿ ಗುಡ್ಡೆ ಲೆಕ್ಕಕ್ಕೇ ಕೂಲಿ. ಚಿಪ್ಪು ಒಡೆದು ನಮ್ಮ ನಮ್ಮ ಗುಡ್ಡೆಗೆ ಹಾಕುವ ನಡುವೆ ಒಂದೊಂದು ಕೊಬ್ಬರಿ ಗಿಟುಕು ಅವಳ ಜಾಗಕ್ಕೂ ಎಸೆದೆವು. ಊಟದ ಹೊತ್ತಿಗೆ ಅಲ್ಲೂ ಗುಡ್ಡೆ ಎದ್ದಿತ್ತು. ಆಗ ಸಾವ್ಕಾರರು ಬಂದರು. ಅಷ್ಟರಲ್ಲಿ ಅವರಿಗೆ ಸುದ್ದಿ ಮುಟ್ಟಿತ್ತು.

"ಯಾರ್ದೇ ಇದು?"

"ಹನುಮಕ್ಕಂದು" ಎಂದೆ.

"ಅವ್ಳು ಪೊಲೀಸ್ನೋರತ್ರ ಕುಂತವ್ಳೆ."

"ಕುಂತವ್ಳೆ. ಗುಡ್ಡೆ ಅವಳ್ದೇ."

ಅವರು ಗುಡ್ಡೆಗೆ ಒದ್ದರು. ಕೊಬ್ಬರಿ ನೆಲದ ತುಂಬಾ ಉರುಳಿತು. "ಆಯ್ರೇ" ಎಂದರು. ಯಾರೂ ಏಳಲಿಲ್ಲ. ಒಡೆಯುವ ಸದ್ದೂ ನಿಂತಿತು. ಉರುಳಿ ಬಂದ ಒಂದು ಗಿಟುಕು ನನ್ನ ಕಾಲಿಗೆ ತಾಗಿತು. ಅದನ್ನು ಎತ್ತಿ ಮತ್ತೆ ಹನುಮಕ್ಕನ ಜಾಗದಲ್ಲಿಟ್ಟೆ.

"ಏನೇ ನಿನ್ ಹೆಸ್ರು?"

ಅವರ ಮಂಡಿಯಲ್ಲಿ ನಾನು ಚಿಪ್ಪು ಒಡೆಯಲು ಬಂದಾಗಿನಿಂದ ಅವರು ನನ್ನ ಹೆಸರು ಕೇಳಿದ್ದು ಅದೇ ಮೊದಲು.

"ಅನುಪಮಾ" ಎಂದೆ. "ಪೊಲೀಸ್ನೋರ್ಗೂ ಹೇಳಿರಿ ಸಾವ್ಕಾರ್ರೇ. ನಾಳೆ ಮುಯ್ಯಿ ನಂದು."