ದೋಣಿ ಬಿಟ್ಟು ಬಂದ ದಿನ

“ಕಾಲು ಮುಂದೆ, ಕಾಲು ಮುಂದೆ!” ಎಂದು ದೌವೆ ಕಟ್ಟೆಯ ಮೇಲಿಂದ ಕೂಗಿದ. “ಸತ್ತವರು ಕಾಲು ಮುಂದೆ ಮಾಡ್ಕೊಂಡೇ ಹೋಗೋದು. ನಮ್ಮಪ್ಪ ಹಾಗೇ ಹೋದ, ಅವರಪ್ಪನೂ ಹಾಗೇ ಹೋದ.”

“ಅವರು ಗಾಡೀಲಿ ಹೋದ್ರು ಕಣೋ,” ಎಂದ ಸತ್ತವನ ಗೆಳೆಯ ಯೊರ್ರಿಟ್, ಶವಪೆಟ್ಟಿಗೆಯ ಭಾರಕ್ಕೆ ಏದುಸಿರು ಬಿಡುತ್ತ. ಅವನ ಒಂದು ಕಾಲು ದೋಣಿಯಲ್ಲಿತ್ತು, ಇನ್ನೊಂದು ಕಟ್ಟೆಯ ಮೇಲೆ. ನಡುವಿನ ನೀರು ಅಗಲವಾಗುತ್ತಲೇ ಇತ್ತು. “ಮುಂದೆ ಅಂದ್ರೆ ಯಾವ ಕಡೆ? ದೋಣೀನ ಇನ್ನೂ ತಿರುಗಿಸ್ಬೇಕು ಮಾರಾಯ. ಬೇಗ ಹೇಳು, ಇಲ್ಲಾಂದ್ರೆ ಇವತ್ತು ಎರಡು ಮಣ್ಣು ಮಾಡ್ಬೇಕಾಗತ್ತೆ.”

“ಮೂತಿ ಕಡೆ ಕಾಲು ಮಾಡಿ,” ಎಂದಳು ಆಫ್ಕೆ. “ದೋಣಿ ತಿರುಗಿದ್ರೆ ಹೆಸ್ಸಲ್ ಕೂಡ ತಿರುಗ್ತಾನೆ.”

ಅವಳು ದೋಣಿಯ ಮೂತಿಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಗಂಡ ಹೆಸ್ಸಲ್ ಚುಕ್ಕಾಣಿ ಹಿಡಿದ ಬೇಸಿಗೆಗಳಲ್ಲೆಲ್ಲ ಅವಳು ನಿಂತ ಜಾಗ ಅದೇ. ಪೆಟ್ಟಿಗೆ ಹಲಗೆಯ ಮೇಲೆ ಕೂತಿತು. ದೋಣಿ ಒಮ್ಮೆ ತಗ್ಗಿ, ಒಗ್ಗಿಕೊಂಡಿತು.

ನಾದಿನಿ ರಿನ್ಸ್ಕೆ ಕಪ್ಪು ಲಂಗ ಎತ್ತಿಕೊಂಡು ಕೊನೆಯದಾಗಿ ಇಳಿದಳು. “ಕಪ್ಪು ಕಾರು ಇತ್ತು. ಒಳಗೆ ಮಕಮಲ್ಲು ಇತ್ತು. ನಮ್ಮಣ್ಣನ್ನ ಹುಲ್ಲಿನ ಹೊರೆ ಹಾಗೆ ನೀರ ಮೇಲೆ ಕೊಂಡೊಯ್ತಿದ್ದೀವಿ,” ಎಂದು ಯಾರಿಗೂ ಅಲ್ಲವೆಂಬಂತೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಆ ಊರಿನಲ್ಲಿ ಸಾವಾದ ಮನೆಯವರು ಕೈಕಟ್ಟಿ ಕೂರಬೇಕು. ಅಂದು ಪಕ್ಕದ ಮನೆಯವನ ಮಾತೇ ಮಾತು. ಪಕ್ಕದ ಮನೆಯವನೆಂದರೆ ದೌವೆ. ಹಸು ಸಾಕಿ ಬೆಳೆದವನು, ಹಿಂದಿನವರು ಹಾಕಿದ ಗೆರೆಯನ್ನು ಬೇಲಿಯಂತೆ ಕಾಯುವವನು. ದೋಣಿಯಲ್ಲಿ ಒಯ್ಯಬೇಕೆಂದು ಆಫ್ಕೆ ಕೇಳಿದಾಗ, ರಸ್ತೆಯಿಲ್ಲದ ಕಾಲದಲ್ಲಿ ಹಾಗೇ ಒಯ್ಯುತ್ತಿದ್ದರೆಂದು ನೆನಪು ಮಾಡಿಕೊಂಡು ಒಪ್ಪಿದ್ದ. ಅವಳ ಇನ್ನೊಂದು ಮಾತನ್ನು ಮಾತ್ರ ಒಪ್ಪಿರಲಿಲ್ಲ.

“ಇನ್ನೊಂದು ಸಲ ಕೇಳ್ತೀನಿ ದೌವೆ,” ಎಂದಳು ಅವಳು. “ಪೆಟ್ಟಿಗೆ ಹೊತ್ತು ಚರ್ಚು ಸುತ್ತೋವಾಗ ನಾನು ಅವನ ಪಕ್ಕದಲ್ಲಿ ನಡೀಬೇಕು.”

“ಪಕ್ಕದಲ್ಲಿ ಜಾಗ ಎಲ್ಲಿದೆ ಆಫ್ಕೆ? ಹೊರೋರು ಆ ಕಡೆ ಮೂರು ಜನ, ಈ ಕಡೆ ಮೂರು ಜನ. ಅವರಾಚೆ ಸಮಾಧಿಕಲ್ಲು. ಹೆಂಡತಿ ಪೆಟ್ಟಿಗೆ ಹಿಂದೆ ಬರ್ಬೇಕು. ಇದು ನಾನು ಮಾಡಿದ ಕಾನೂನಲ್ಲ.”

“ಯಾರು ಮಾಡಿದ್ದು?”

“ಗೊತ್ತಿದ್ರೆ ನಿನ್ನನ್ನ ಅವರ ಹತ್ರಾನೇ ಕಳಿಸ್ತಿದ್ದೆ.”

“ಹಿಂದೆ ನಡೆದ್ರೆ ಏನು ಸವೀತೀಯಾ ಅತ್ತಿಗೆ?” ಎಂದಳು ರಿನ್ಸ್ಕೆ. “ಬೆಲ್ಜಿಯಂ, ಫ್ರಾನ್ಸು, ಜರ್ಮನಿ ಎಲ್ಲ ಇಬ್ಬರೂ ಜೊತೆಗೇ ಸುತ್ತಿದ್ದೀರಲ್ಲ. ಅಷ್ಟು ಸುತ್ತಿದ್ದು ಸಾಲ್ದಾ?”

ಆಫ್ಕೆ ಹಗ್ಗವನ್ನು ಸುತ್ತುಸುತ್ತಾಗಿ ಮಡಚಿದಳು. ಅಷ್ಟು ಊರುಗಳಲ್ಲಿ ಒಂದೇ ಒಂದು ಬೀದಿಯನ್ನೂ ತಾವಿಬ್ಬರು ಜೊತೆಯಾಗಿ ನಡೆದಿಲ್ಲವೆಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು?

*

ಹೆಸ್ಸಲ್ ಊರಿನ ಸೇತುವೆ ಕಾಯುವವನಾಗಿದ್ದ. ದೋಣಿ ಬಂದರೆ ಗಂಟೆ ಬಾರಿಸಿ, ರಸ್ತೆಗೆ ಅಡ್ಡಗಂಬ ಇಳಿಸಿ, ಸೇತುವೆ ಎತ್ತಬೇಕು. ಕೋಲಿನ ತುದಿಗೆ ಕಟ್ಟಿದ ಮರದ ಪಾದರಕ್ಷೆಯನ್ನು ದೋಣಿಯವರ ಮುಂದೆ ಇಳಿಬಿಟ್ಟು, ಅವರು ಹಾಕಿದ ಚಿಲ್ಲರೆಯನ್ನು ಮೇಲಕ್ಕೆಳೆದುಕೊಳ್ಳಬೇಕು. ಉಳಿದವರೆಲ್ಲ ಎಲ್ಲೆಲ್ಲಿಗೋ ಹೋಗುವುದನ್ನು ನಿಂತಲ್ಲೇ ನಿಂತು ನೋಡುವುದು ಅವನ ಕೆಲಸ. ಸೇತುವೆ ಬಿಟ್ಟು ಕದಲುವಂತಿಲ್ಲ. ತಂಗಿಯ ಮದುವೆಯ ಊಟವನ್ನೂ ಸೇತುವೆಯ ಗೂಡಿನಲ್ಲೇ ಉಂಡವನು ಅವನು.

ಕೆಲಸದಿಂದ ಬಿಡುಗಡೆಯಾದ ವರ್ಷವೇ ದೋಣಿ ಬಂತು. ಮೊದಲ ಬೇಸಿಗೆಗೆ ಬೆಲ್ಜಿಯಂನ ಬ್ರುಗ್ಗೆ ಊರಿನವರೆಗೆ ಹೋದರು. ಕಾಲುನಡಿಗೆಯವರೂ ದಾಟಿ ಹೋಗುವಷ್ಟು ನಿಧಾನದ ಪಯಣ. ದಡದ ಹಸುಗಳು ತಲೆಯೆತ್ತಿ ನೋಡಿ ಮತ್ತೆ ಮೇಯಲು ತೊಡಗುವಷ್ಟರಲ್ಲಿ ಒಂದು ಹೊಲ ಮುಗಿಯುತ್ತಿತ್ತು. ಊರು ಬಂದಾಗ ಆಫ್ಕೆ ಒಳ್ಳೆಯ ಬೂಟು ಹಾಕಿಕೊಂಡು ದಡದ ಮೇಲೆ ನಿಂತಳು. ಹೆಸ್ಸಲ್ ಇಳಿಯಲಿಲ್ಲ.

“ದೋಣಿ ಬಿಟ್ಟು ಹ್ಯಾಗೆ ಬರೋದು? ನೀನು ನೋಡ್ಕೊಂಡು ಬಾ. ಬಂದು ಹೇಳು.”

ಅದೇ ಪದ್ಧತಿಯಾಯಿತು. ಹಗಲೆಲ್ಲ ಅವಳು ನೋಡುವುದು, ಅವನು ದೋಣಿ ಕಾಯುವುದು. ಸಂಜೆ ಬಟಾಣಿ ಸಾರು, ರೊಟ್ಟಿ. ಊಟವಾದ ಮೇಲೆ ಎಂದಿನಂತೆ ಬೈಬಲಿನ ಒಂದು ಅಧ್ಯಾಯ. ಪುಸ್ತಕ ಮುಚ್ಚಿ ಹೆಸ್ಸಲ್ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. “ಹೂಂ. ಈಗ ನಿಂದು.” ಓದಿದ ಅಧ್ಯಾಯವನ್ನು ಕೇಳಿದ ಭಕ್ತಿಯಲ್ಲೇ ಅವಳ ಮಾತನ್ನೂ ಕೇಳುತ್ತಿದ್ದ.

ಫ್ರಾನ್ಸಿನ ಮೆಟ್ಜ್ ಊರಿನ ಸಂಜೆ ಅವಳು ಹೇಳಿದ್ದಳು: “ಚರ್ಚಲ್ಲಿ ಗೋಡೆಗಿಂತ ಕಿಟಕೀನೇ ಜಾಸ್ತಿ ಹೆಸ್ಸಲ್. ಅಷ್ಟೆತ್ತರಕ್ಕೆ ಬರೀ ಬಣ್ಣದ ಗಾಜು. ಬಿಸಿಲು ಬಂದ್ರೆ ನೆಲದ ಮೇಲೆಲ್ಲ ಕೆಂಪು, ನೀಲಿ. ಒಬ್ಬಳು ಮುದುಕಿ ಮುಂದಿನ ಬೆಂಚಲ್ಲಿ ಕೂತಿದ್ಲು. ಅವಳ ಬಿಳೀ ಟೋಪಿ ಮೇಲೆ ಹಸಿರು ಬಂದು ಕೂತಿತ್ತು.”

“ಅವಳಿಗೆ ಗೊತ್ತಾಯ್ತಾ?”

“ಏನು?”

“ಟೋಪಿ ಹಸಿರಾಗಿದ್ದು.”

“ಇಲ್ಲಪ್ಪ. ಪ್ರಾರ್ಥನೆ ಮಾಡ್ತಿದ್ಲು.”

ಹೆಸ್ಸಲ್ ಬಹಳ ಹೊತ್ತು ಒಳಗೊಳಗೇ ನಕ್ಕ. “ಆಮೇಲೆ?”

ಅವನಿಗೆ ಹೇಳಬೇಕೆಂದೇ ಅವಳು ನೋಡುವುದನ್ನು ಕಲಿತಳು. ಆದರೆ ಗಂಡಹೆಂಡಿರು ತೋಳಿಗೆ ತೋಳು ಕೊಟ್ಟು ನಡೆಯುವ ಬೀದಿಗಳಲ್ಲಿ ಅವಳ ಬಲಮೊಣಕೈ ತಾನಾಗಿ ಮೈಯಿಂದ ತುಸು ದೂರ ಸರಿದು, ಯಾರಿಗೋ ಎಡೆ ಮಾಡಿಕೊಟ್ಟಂತೆ ನಿಲ್ಲುತ್ತಿತ್ತು. ಅದನ್ನು ಮಾತ್ರ ಸಂಜೆಯ ಹೊತ್ತು ಹೇಳುತ್ತಿರಲಿಲ್ಲ.

*

ಯೊರ್ರಿಟ್ ಚುಕ್ಕಾಣಿ ಹಿಡಿದಿದ್ದ. ಪೆಟ್ಟಿಗೆ ಹೊತ್ತ ದೋಣಿ ಹೆಸ್ಸಲ್‌ನ ಹಳೆಯ ಸೇತುವೆಯ ಹತ್ತಿರ ಬಂದಾಗ ಅದು ಎದ್ದು ನಿಂತಿತ್ತು. ಈಗ ಯಾವುದೋ ದೂರದ ಊರಿನಲ್ಲಿ ಕೂತವರು ಗುಂಡಿ ಒತ್ತಿ ಅದನ್ನು ಎತ್ತುತ್ತಾರೆ. ದೋಣಿ ದಾಟಿ ಹೋದ ಮೇಲೂ ಸೇತುವೆ ಬಹಳ ಹೊತ್ತು ಇಳಿಯಲಿಲ್ಲ. ಸಾಲುಗಟ್ಟಿ ನಿಂತ ಕಾರುಗಳವರು ಟೋಪಿ ತೆಗೆದರು.

“ಹೆಸ್ಸಲ್ ಇದ್ದಿದ್ರೆ ಈ ಹೊತ್ತಿಗೆ ದೋಣಿಗೆ ಒಂದು ಕೋಟು ಬಣ್ಣ ಹಚ್ಚಿ ಮುಗಿಸಿರ್ತಿದ್ದ,” ಎಂದ ಯೊರ್ರಿಟ್. “ಏಪ್ರಿಲ್‌ನಲ್ಲಿ ಹೊರಡೋದಿತ್ತಲ್ಲ ನೀವು. ಸ್ಟ್ರಾಸ್‌ಬರ್ಗ್‌ಗೆ.”

ಆ ಊರಿನ ಹೆಸರು ಕೇಳಿ ಆಫ್ಕೆ ಮುಖವನ್ನು ನೀರಿನ ಕಡೆ ತಿರುಗಿಸಿದಳು.

*

ಕಳೆದ ಬೇಸಿಗೆ ಸ್ಟ್ರಾಸ್‌ಬರ್ಗಿನ ದಡದಲ್ಲಿ ಅವಳು ಹಟ ಹಿಡಿದಿದ್ದಳು. “ಒಂದೇ ಒಂದು ಸಲ ಬಾ ಹೆಸ್ಸಲ್. ಚರ್ಚು ಬೇಡ, ಗೋಪುರ ಬೇಡ. ತೋಳು ಹಿಡ್ಕೊಂಡು ಒಂದು ಬೀದಿ. ನಮಗೇನು ಇನ್ನು ಪ್ರಾಯ ಬರತ್ತಾ?”

ಅವನು ಭಾನುವಾರದ ಕೋಟು ಹಾಕಿಕೊಂಡ. ಹಗ್ಗಗಳನ್ನು ಎಳೆದು ನೋಡಿದ, ಮತ್ತೆ ಎಳೆದು ನೋಡಿದ. ಕೊನೆಗೆ ಇಳಿದು ಬಂದ. ದಡದುದ್ದಕ್ಕೂ ಮರಗಳ ನೆರಳು. ಆಫ್ಕೆಯ ಬಲಮೊಣಕೈಯೊಳಗೆ ಕಡೆಗೂ ಒಂದು ತೋಳು ಬಂದಿತ್ತು. ಅವಳು ಮಾತಾಡಲಿಲ್ಲ, ಮಾತಾಡಿದರೆ ಎಲ್ಲಿ ಕೊಡದ ನೀರು ಚೆಲ್ಲೀತೋ ಎಂಬಂತೆ ನಡೆದಳು.

ತಿರುವಿನಲ್ಲಿ ಅವನು ಹಿಂದೆ ನೋಡಿದ. ಇನ್ನೊಂದು ಹೆಜ್ಜೆಯಿಟ್ಟರೆ ದೋಣಿ ಕಾಣುತ್ತಿರಲಿಲ್ಲ. ಅವಳ ಕೈಯೊಳಗಿದ್ದ ತೋಳು ಮರದ ಹಾಗೆ ಬಿಗಿಯಾಯಿತು. ಹಣೆಯ ಮೇಲೆ ಬೆವರೊಡೆಯಿತು.

“ನೀನು ಹೋಗಿ ಬಾ ಆಫ್ಕೆ.”

ಅವಳು ಹೋದಳು. ಯಾವ ಚರ್ಚನ್ನೂ ನೋಡಲಿಲ್ಲ. ಒಂದು ಬೇಕರಿಯ ಹಿಂದಿನ ಕಲ್ಲುಬೆಂಚಿನ ಮೇಲೆ ಬಿಸಿಲಿಳಿಯುವ ತನಕ ಕೂತಿದ್ದು ಬಂದಳು. ಸಂಜೆಯ ಅಧ್ಯಾಯ ಮುಗಿಯಿತು. ಅವನು ಕಣ್ಣು ಮುಚ್ಚಿ ಕೂತ. “ಚರ್ಚಿನ ಬಾಗಿಲು ಹಾಕಿತ್ತು,” ಎಂದಷ್ಟೇ ಹೇಳಿ ಅವಳು ತಟ್ಟೆ ತೊಳೆಯಲು ಎದ್ದಳು.

ಮರಳುವ ದಾರಿಯಲ್ಲಿ, ಕಾಲುವೆಯ ಎರಡು ಕದಗಳ ನಡುವೆ ನೀರು ಮೇಲೇರುವುದನ್ನು ಕಾಯುತ್ತ ನಿಂತಿದ್ದಾಗ ಅವನು ಹೇಳಿದ: “ಮುಂದಿನ ವರ್ಷ ಮತ್ತೆ ಸ್ಟ್ರಾಸ್‌ಬರ್ಗ್‌ಗೇ ಹೋಗೋಣ. ನಾನು ಬರ್ತೀನಿ.”

“ನೋಡೋಣ,” ಎಂದಿದ್ದಳು ಅವಳು, ಅವನ ಕಡೆ ತಿರುಗದೆ. ಚಳಿಗಾಲ ಕಳೆಯಿತು. ಮಾರ್ಚಿನ ಒಂದು ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಸಮಾಧಾನಕ್ಕೆ ಹೇಳಿದ ಮಾತೋ, ನಿಜವಾಗಿಯೂ ಬರುತ್ತಿದ್ದನೋ, ಇನ್ನು ತಿಳಿಯುವ ದಾರಿಯಿರಲಿಲ್ಲ. ಅವಳಿಗೆ ಉಳಿದಿದ್ದು ಚರ್ಚಿನ ಸುತ್ತು ಒಂದೇ. ಅಲ್ಲಿಯೂ ಹಿಂದೆ ನಡೆಯಬೇಕು.

*

“ಅವನು ಹೇಳ್ಬೇಡ ಅಂದಿದ್ದ,” ಎಂದ ಯೊರ್ರಿಟ್, ಚುಕ್ಕಾಣಿ ಬಿಡದೆ. “ಈಗೇನು ಬಯ್ಯೋಕೆ ಎದ್ದು ಬರಲ್ಲವಲ್ಲ. ಚಳಿಗಾಲದಲ್ಲಿ ದೋಣಿಗೆ ವಾರ್ನಿಷ್ ಹಚ್ತೀನಿ ಅಂತ ದಿನಾ ಸಂಜೆ ನಮ್ಮ ಕಡೆ ಬರ್ತಿದ್ನಲ್ಲ.”

ಚಳಿಗಾಲದಲ್ಲಿ ದೋಣಿ ಚರ್ಚಿನ ಕಟ್ಟೆಯಲ್ಲಿ, ಯೊರ್ರಿಟ್‌ನ ಅಡುಗೆಮನೆಯ ಕಿಟಕಿಯ ಎದುರಿಗೇ ಇರುತ್ತಿತ್ತು.

“ಬರ್ತಿದ್ದ. ಎಷ್ಟು ವಾರ್ನಿಷ್ ಹಚ್ಚಿದ್ನೋ, ದೇವರಿಗೇ ಗೊತ್ತು,” ಎಂದಳು ಆಫ್ಕೆ.

“ಒಂದು ಹನೀನೂ ಹಚ್ಚಿಲ್ಲ. ‘ಯೊರ್ರಿಟ್, ಸ್ವಲ್ಪ ದೋಣಿ ನೋಡ್ಕೋ’ ಅಂತಿದ್ದ. ಆ ಚಳೀಲಿ ದೋಣಿ ಕದಿಯೋಕೆ ಬಾತುಕೋಳೀನೂ ಬರಲ್ಲ. ಆದ್ರೂ ನಾನು ಕಿಟಕೀಲಿ ನಿಂತಿರ್ಬೇಕು, ಅವನು ನಡೀಬೇಕು. ಮೊದಲ ದಿನ ಬೇಕರಿ ಮೂಲೆ ತನಕ ಹೋಗಿ ಓಡಿ ಬಂದ. ನಾನು ನಕ್ಕೆ. ಅವನು ನಗ್ಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಚರ್ಚಿನ ಗೇಟು ಮುಟ್ಟಿದ್ದ. ಹೋದ ತಿಂಗಳು ಒಂದಿನ ಚರ್ಚಿನ ಹಿಂದುಗಡೆ ಸುತ್ತಿ ಬಂದ. ಅಲ್ಲಿಂದ ನೀರು ಕಾಣಲ್ಲ, ಗೊತ್ತಲ್ಲ. ಬೆವೆತು ನೀರಾಗಿದ್ದ. ‘ಇದ್ಯಾ?’ ಅಂದ. ‘ಇದೆ ಕಣೋ,’ ಅಂದೆ. ‘ಇನ್ನೊಂದು ಸುತ್ತು ಹೋಗಿ ಬರ್ತೀನಿ, ಬಿಟ್ಟು ಕದಲಬೇಡ, ಮಾತು ಕೊಡು,’ ಅಂದ. ಕೊಟ್ಟೆ.”

ಆಫ್ಕೆಯ ಕೈಯಲ್ಲಿದ್ದ ಹಗ್ಗದ ಮಡಿಕೆ ಬಿಚ್ಚಿಹೋಯಿತು. “ನನಗೆ ಹೇಳಲಿಲ್ಲ.”

“ಸ್ಟ್ರಾಸ್‌ಬರ್ಗ್‌ಗೆ ಹೋದ ಮೇಲೆ ತಾನೇ ಗೊತ್ತಾಗ್ಲಿ ಅಂದಿದ್ದ. ಒಂದು ಬೀದಿಗೆ ಇಷ್ಟೆಲ್ಲ ಯಾಕೋ ಅಂದ್ರೆ, ‘ನಿನಗೆ ಗೊತ್ತಿಲ್ಲ, ಅವಳು ನಡೆಯೋವಾಗ ಮಾತಾಡಲ್ಲ. ಅದನ್ನ ಇನ್ನೊಂದು ಸಲ ಕೇಳ್ಬೇಕು,’ ಅಂದ. ನಂಗೆ ತಲೆಬುಡ ತಿಳೀಲಿಲ್ಲ.”

ಪೆಟ್ಟಿಗೆಯ ಆಚೆ ಬದಿಯಲ್ಲಿ ಕೂತಿದ್ದ ರಿನ್ಸ್ಕೆ ಕೈಚೀಲ ತೆರೆದು ಕರವಸ್ತ್ರ ಹುಡುಕಿದಳು. ತನಗೆಂದು ತೆಗೆದದ್ದನ್ನು ಅತ್ತಿಗೆಯ ಕೈಗೆ ಕೊಟ್ಟಳು.

*

ದೋಣಿ ಕಟ್ಟುವ ಕೆಲಸಕ್ಕೂ ದೌವೆಯೇ ಕೈಹಾಕಿದ.

“ಅದು ಹಸು ಕಟ್ಟೋ ಗಂಟು,” ಎಂದ ಯೊರ್ರಿಟ್.

“ನನ್ನ ಹಸು ಯಾವತ್ತೂ ಓಡಿಹೋಗಿಲ್ಲ. ನೀನು ಪೆಟ್ಟಿಗೆ ಹಿಡಿ.”

ಬಿಚ್ಚಿ ಕಟ್ಟಲು ಆಫ್ಕೆ ಬಗ್ಗಿದಳು. ರಿನ್ಸ್ಕೆ ಅವಳ ಭುಜ ಹಿಡಿದಳು. “ಇವತ್ತೊಂದಿನ ಹಗ್ಗ ಬಿಡು ಅತ್ತಿಗೆ. ಪಾದ್ರಿಯಮ್ಮ ಕಾಯ್ತಿದ್ದಾರೆ.”

ದಿಬ್ಬದ ಮೇಲಿನ ಚರ್ಚಿನಿಂದ ಗಂಟೆ ಮೊಳಗಿತು. ಮುಂದೆ ದೌವೆ, ಆಮೇಲೆ ಪೆಟ್ಟಿಗೆ ಹೊತ್ತ ಆರು ಜನ, ಹಿಂದೆ ಆಫ್ಕೆ, ಅವಳ ಹಿಂದೆ ರಿನ್ಸ್ಕೆ ಮತ್ತು ಊರವರು. ಒಳಗೆ ಹೋಗುವ ಮುನ್ನ ಚರ್ಚಿಗೆ ಮೂರು ಸುತ್ತು. ಹೆಸ್ಸಲ್‌ನ ತಲೆಯ ಎಡಗಡೆಯ ಹಿಡಿ ಯೊರ್ರಿಟ್‌ನದು. ಅವನ ಅಗಲವಾದ ಬೆನ್ನಿನಾಚೆ ಆಫ್ಕೆಗೆ ಪೆಟ್ಟಿಗೆಯ ಅಂಚೊಂದು ಮಾತ್ರ ಕಾಣುತ್ತಿತ್ತು. ಅವಳು ನಡೆದಳು. ಮೊದಲ ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಗಂಡ ಒಬ್ಬನೇ ಬೆವೆತು ಹೆಜ್ಜೆ ಹಾಕಿದ್ದ ಕಲ್ಲುದಾರಿ ಇದೇ. ಈ ದಾರಿಯಲ್ಲಿ ಅವನ ಪಕ್ಕದ ಜಾಗ ಇಂದೂ ಬೇರೆಯವರದಾಗಿತ್ತು.

ಮೂರನೆಯ ಸುತ್ತಿನಲ್ಲಿ, ನೀರು ಕಾಣುವ ಕೊನೆಯ ಮೂಲೆಯ ಹತ್ತಿರ, ಯೊರ್ರಿಟ್ ತಟ್ಟನೆ ನಿಂತ. ಅವನ ಜೊತೆ ಎಲ್ಲರೂ ನಿಂತರು.

“ದೋಣಿ!” ಎಂದ ಅವನು.

ದೋಣಿ ಕಟ್ಟೆ ಬಿಟ್ಟು ಕಾಲುವೆಯ ನಡುವಿಗೆ ಬಂದಿತ್ತು. ಬಿಚ್ಚಿದ ಹಗ್ಗ ನೀರಿನಲ್ಲಿ ಹಿಂದೆ ತೇಲುತ್ತಿತ್ತು. ಗಾಳಿಗೆ ಮೆಲ್ಲಮೆಲ್ಲನೆ ತಿರುಗುತ್ತ ಅದು ಸೇತುವೆಯ ಕಡೆ ಸಾಗಿತ್ತು. ಜನರಲ್ಲಿ ಗುಸುಗುಸು ಎದ್ದಿತು. ದೌವೆಯ ಕಿವಿ ಕೆಂಪಾಯಿತು.

“ಆಫ್ಕೆ, ನಾನು ಅವನಿಗೆ ಮಾತು ಕೊಟ್ಟಿದ್ದೀನಿ,” ಎಂದ ಯೊರ್ರಿಟ್. “ಅವನು ಸುತ್ತು ಮುಗಿಸಿ ಬರೋ ತನಕ ನೋಡ್ಕೋತೀನಿ ಅಂತ.”

ಆಫ್ಕೆ ಎರಡು ಹೆಜ್ಜೆ ಮುಂದೆ ಬಂದು ಅವನ ಕೈಯ ಪಕ್ಕದಲ್ಲೇ ಹಿಡಿಗೆ ಕೈಹಾಕಿದಳು. “ಹೋಗು. ನೀನು ದೋಣಿ ನೋಡ್ಕೋ.”

“ಹೆಂಗಸರು ಹೊರೋದಿಲ್ಲ—” ಎಂದು ದೌವೆ ತಿರುಗಿದ.

“ಮುಂದೆ ನೋಡ್ಕೊಂಡು ನಡಿ ದೌವೆ,” ಎಂದಳು ಹಿಂದಿನಿಂದ ರಿನ್ಸ್ಕೆ. “ನಿನ್ನ ಹಸುವಿನ ಗಂಟು ನೋಡಿದ್ವಲ್ಲ.”

ಯಾರೋ ಕೆಮ್ಮಿ ನಗು ನುಂಗಿದರು. ದೌವೆ ಮುಂದೆ ತಿರುಗಿದ. ಯೊರ್ರಿಟ್ ಹಿಡಿ ಬಿಟ್ಟು, ಕಪ್ಪು ಕೋಟು ಹಾರಿಸುತ್ತ ದಿಬ್ಬ ಇಳಿದು ಓಡಿದ. ಭಾರವೆಲ್ಲ ಒಮ್ಮೆಗೇ ಆಫ್ಕೆಯ ಬಲಗೈಗೆ ಬಂತು. ಮೊಣಕೈ ಮೈಗೆ ಒತ್ತಿಕೊಂಡಿತು.

ಗಂಟೆ ಮೊಳಗುತ್ತಲೇ ಇತ್ತು. ಅವಳು ನೀರಿನ ಕಡೆ ನೋಡಲಿಲ್ಲ, ಮಾತಾಡಲೂ ಇಲ್ಲ. ಅವಳು ಯೊರ್ರಿಟ್‌ಗಿಂತ ಬಹಳ ಗಿಡ್ಡ. ತಲೆಯ ಕಡೆಯಿಂದ ಪೆಟ್ಟಿಗೆ ತುಸು ಅವಳತ್ತ ವಾಲಿತು; ಹಾಗೆ ವಾಲಿಕೊಂಡೇ ಮೂಲೆ ತಿರುಗಿತು.