ಸುನಂದಾ ಎಂದು ಕೊರೆದ ಗಾಜು

ನಾನು ಒಂದು ಗಾಜಿನ ಪಟ್ಟಿ. ಆಸ್ಪತ್ರೆಯವರು ಸ್ಲೈಡ್ ಅನ್ನುತ್ತಾರೆ. ಕುಲುಮೆಯಲ್ಲಿ ಕರಗಿ, ಹಾಳೆಯಾಗಿ, ತುಂಡಾಗಿ, ಐವತ್ತು ಮಂದಿ ಒಡಹುಟ್ಟಿದವರೊಂದಿಗೆ ಡಬ್ಬಿ ಸೇರಿ ಪ್ರಯೋಗಾಲಯಕ್ಕೆ ಬಂದೆ. ಮೈಮೇಲೆ ಒಂದು ಕಲೆಯಿಲ್ಲ ಎಂಬ ಜಂಬ ಆಗ ನನಗೆ ಬಹಳ ಇತ್ತು.

ಒಂದು ದಿನ ಟೆಕ್ನಿಶಿಯನ್ ಇನಾಮದಾರರು ನನ್ನನ್ನು ಟ್ರೇಯಲ್ಲಿಟ್ಟು ವಾರ್ಡಿಗೆ ಒಯ್ದರು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕುವ ಹೆಂಗಸೊಬ್ಬಳು ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಳು. ಎಚ್‌ಐವಿಗೆ ಮಾತ್ರೆ ನುಂಗುತ್ತಿದ್ದಳು, ಆದರೂ ಮೈಯಲ್ಲಿ ರಕ್ತ ಕಡಿಮೆಯಾಗುತ್ತಲೇ ಇತ್ತು. ಡಾಕ್ಟರ್ ಹೇಮಲತಾ ಸೊಂಟದ ಎಲುಬಿಗೆ ಸೂಜಿ ಇಳಿಸಿದಾಗ ಅವಳು ದಿಂಬಿಗೆ ಬಾಯಿ ಒತ್ತಿ, "ಯವ್ವಾ, ನಿನ್ನ ನೀಲವ್ವ ಸಾಯಾಕತ್ತಾಳಬೇ" ಅಂದಳು. ದಿಂಬಿನ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಆಸ್ಪತ್ರೆಯ ಚೀಟಿಯಲ್ಲಿ ಸುನಂದಾ ಎಂದಿತ್ತು. ರೋಗದ ಸುದ್ದಿ ಊರಿಗೆ ಮುಟ್ಟಬಾರದೆಂದು ಹೆಸರು, ಊರು ಎರಡನ್ನೂ ಸುಳ್ಳು ಬರೆಸಿದ್ದಳು.

ಅವಳ ಮಜ್ಜೆಯ ಹನಿಯನ್ನು ನನ್ನ ಮೈಮೇಲೆ ಎಳೆದು, ಬಣ್ಣ ಹಾಕಿ, ಅಂಚಿನಲ್ಲಿ ಸುನಂದಾ ಎಂದು ಕೊರೆದರು. ಪಕ್ಕದ ಮಂಚಕ್ಕೆ ತನ್ನೂರಿನವರು ಬಂದದ್ದು ಕಂಡು ಅವಳು ಅಂದೇ ಯಾರಿಗೂ ಹೇಳದೆ ಎದ್ದು ಹೋದಳು.

ಹೇಮಲತಾ ಸೂಕ್ಷ್ಮದರ್ಶಕದಲ್ಲಿ ನನ್ನನ್ನು ಬಹಳ ಹೊತ್ತು ನೋಡಿದರು. "ರಕ್ತ ಹುಟ್ಟೋ ಜಾಗಾನ ಕೆಟ್ಟೈತ್ರಿ ಇನಾಮದಾರ. ವೈರಸ್ ಇಲ್ಲೀಮಟ ಹಾವಳಿ ಮಾಡೈತಿ, ಕಣ ಎಲ್ಲಾ ಅರೆಬರೆ ಬೆಳದಾವ. ಅದರ ಮ್ಯಾಲೆ ಅಕಿ ನುಂಗೋ ಒಂದು ಮಾತ್ರಿ ಬ್ಯಾರೆ ಕೆಂಪು ಕಣ ಹುಟ್ಟಗೊಡವಲ್ದು. ಅದೊಂದು ಮಾತ್ರಿ ಬದಲಿಸಿ ರಕ್ತಾ ಕೊಟ್ರ ಬದುಕ್ತಾಳ. ರಿಪೋರ್ಟಿಗೆ ಅಕಿ ಬಂದ ಕೂಡ್ಲೇ ನನ್ನ ಕಡೆ ಕಳಸ್ರಿ."

ಕಲೆಯಾದರೂ ಸಾರ್ಥಕವಾಯಿತು ಅಂದುಕೊಂಡೆ.

ನಾಲ್ಕನೆಯ ದಿನ ಪ್ರಯೋಗಾಲಯದ ಕಿಟಕಿಗೆ ಒಬ್ಬ ಮುದುಕಿ ಬಂದಳು. "ನನ್ನ ಮಗಳ ಎಲುಬಿನ ರಿಪೋರ್ಟ್ ಕೊಡ್ರಿ ಯಪ್ಪಾ. ನೀಲವ್ವ ಅಂತ. ಅಕಿಗೆ ಮಾತ ನಿಂತೈತಿ. ಚೀಟಿ ಎಲ್ಲಿಟ್ಟಾಳೋ ಗೊತ್ತಿಲ್ಲ."

ಇನಾಮದಾರರು ಕೆಟ್ಟವರಲ್ಲ. ರಿಜಿಸ್ಟರನ್ನು ಎರಡು ಸಲ ತಿರುವಿ ಹಾಕಿದರು. "ನೀಲವ್ವ ಅನ್ನಾಕಿ ಯಾರೂ ಇಲ್ಲಬೇ. ಬ್ಯಾರೆ ದವಾಖಾನಿ ಇರಬೇಕು, ನೋಡು."

"ಹಂಗಾರ ಬ್ಯಾರೆ ಇರಬೇಕ್ರಿ," ಎಂದು ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟಳು. ಕಿಟಕಿಯಿಂದ ಒಂದು ಮೊಳದ ದೂರದಲ್ಲಿ, ಮೇಜಿನ ಮೇಲೆ, ಅವಳ ಮಗಳನ್ನು ಹೊತ್ತುಕೊಂಡು ನಾನಿದ್ದೆ. ಕೂಗಲು ನನಗೆ ಬಾಯಿ ಇರಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಸುನಂದಾಳ ರಿಪೋರ್ಟ್ ಕೇಳಿಕೊಂಡು ಯಾರೂ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಣ್ಣ ಮಾಸಿ, ಮೂಲೆ ಒಡೆದಿದೆ. ಪಾಠಕ್ಕೆ ಬೇಕೆಂದು ಮರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳು ಬಗ್ಗಿ ನೋಡಿ, "ಸುನಂದಾ ಸ್ಲೈಡ್ ಭಾಳ ಚಲೋ ಕಾಣತೈತಿ" ಅನ್ನುತ್ತಾರೆ.

ನೀಲವ್ವ ಅನ್ನುತ್ತೇನೆ ನಾನು, ಪ್ರತಿ ಸಲವೂ.